ಸಕ್ಕರೆ ಬಿಟ್ಟರೂ ಇಳಿಯದ ಶುಗರ್

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ವಯಸ್ಸು 28, ಚೊಚ್ಚಲ ಬಸಿರು, 26ನೇ ವಾರ. ಲಗ್ಗೆರೆಯಲ್ಲಿ ಬಾಡಿಗೆ ಮನೆ, ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಕೆಲಸ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡಿದಾಗ ರಕ್ತದ ಸಕ್ಕರೆ 168 ಬಂದಿತ್ತು. ಈ ಪರೀಕ್ಷೆಯಲ್ಲಿ 140 ಮುಟ್ಟಿದರೆ ಗರ್ಭಾವಸ್ಥೆಯ ಮಧುಮೇಹ ಎಂದೇ ಲೆಕ್ಕ. ಎರಡು ವಾರ ಊಟ, ನಡಿಗೆಯಲ್ಲೇ ನೋಡೋಣ ಎಂದು ವೈದ್ಯರು ಊಟದ ಸಲಹೆಗೆ ನಮ್ಮ ಬಳಿ ಕಳಿಸಿದ್ದರು. ಜೊತೆಗೆ ಅತ್ತೆಯೂ ಬಂದಿದ್ದರು.

"ಸಕ್ಕರೆ ಪೂರ್ತಿ ಬಿಟ್ಟಿದೀನಿ ಮೇಡಂ, ಕಾಫಿಗೂ ಬೆಲ್ಲನೇ. ಅನ್ನ ಬಿಟ್ಟು ಮುದ್ದೆ ಉಣ್ತೀನಿ" ಎಂದರು. ಆದರೂ ತಿಂಡಿ ತಿಂದ ಒಂದು ಗಂಟೆಗೆ 182, ರಾತ್ರಿ ಊಟದ ಮೇಲೆ 171.

ಬೆಲ್ಲದ ವಿಷಯ ಒಂದೇ ಮಾತಿನಲ್ಲಿ ಮುಗಿಯಿತು: ರಕ್ತಕ್ಕೆ ಬೆಲ್ಲವೂ ಸಕ್ಕರೆಯೇ. ಹೆಚ್ಚು ಹೊತ್ತು ಹಿಡಿದದ್ದು ಮುದ್ದೆ. ಇವರ ಮನೆಯಲ್ಲಿ ಒಂದು ಮುದ್ದೆಗೆ ಸುಮಾರು 100 ಗ್ರಾಂ ಹಿಟ್ಟು ಹೋಗುತ್ತಿತ್ತು, ಅಂದರೆ 70 ಗ್ರಾಂ ಪಿಷ್ಟ. ರಾತ್ರಿಗೆ ಎರಡು ಮುದ್ದೆ. ಇವರಿಗೆ ಹಾಕಿಕೊಟ್ಟ ಮಿತಿ ಒಂದು ಊಟಕ್ಕೆ 45 ಗ್ರಾಂ. ರಾಗಿಯಲ್ಲಿ ಸುಣ್ಣದಂಶ, ನಾರು ಇರುವುದು ನಿಜ. ಹಾಗೆಂದು ಎಷ್ಟು ಉಂಡರೂ ನಡೆಯುತ್ತದೆ ಎಂದಲ್ಲ. ನುಣ್ಣಗೆ ಬೀಸಿದ ಹಿಟ್ಟು ಬೇಗ ಕರಗುತ್ತದೆ, ಗಂಜಿ ಮಾಡಿ ಕುಡಿದರೆ ಇನ್ನೂ ಬೇಗ.

"ಮುದ್ದೆ ಕಮ್ಮಿ ಮಾಡುದ್ರೆ ಮಗೀಗೆ ಶಕ್ತಿ ಎಲ್ಲಿಂದ ಬರ್ಬೇಕು?" ಎಂದು ಅತ್ತೆ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಪಿಷ್ಟವನ್ನು ವಿಪರೀತ ಕಡಿಮೆ ಮಾಡಬಾರದು, ದಿನಕ್ಕೆ 175 ಗ್ರಾಂ ಆದರೂ ಬೇಕು. ಅದನ್ನು ಎರಡೇ ಹೊತ್ತಿಗೆ ತುಂಬುವ ಬದಲು ಆರು ಹೊತ್ತಿಗೆ ಹಂಚಿದೆವು. ರಾತ್ರಿ 60 ಗ್ರಾಂ ಹಿಟ್ಟಿನ ಒಂದೇ ಮುದ್ದೆ, ಅದರ ಮೇಲೆ ಅನ್ನ ಇಲ್ಲ. ಜೊತೆಗೆ ಬಟ್ಟಲು ತುಂಬ ಸೊಪ್ಪಿನ ಪಲ್ಯ, ಗಟ್ಟಿಯಾದ ಕಾಳುಸಾರು. ಪಲ್ಯ, ಕಾಳು ಮೊದಲು, ಮುದ್ದೆ ಆಮೇಲೆ.

ತಿಂಡಿಗೆ ಮಿತಿ ಇನ್ನೂ ಬಿಗಿ, 30 ಗ್ರಾಂ. ಬೆಳಗಿನ ಹೊತ್ತು ಹಾರ್ಮೋನುಗಳ ಕಾರಣ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಮಧ್ಯಾಹ್ನ ಏನೂ ಮಾಡದ ಚಿತ್ರಾನ್ನ ಬೆಳಿಗ್ಗೆ ಏರಿಸಿಬಿಡುತ್ತದೆ. ಕಂಪನಿ ಬಸ್ಸಿಗೆ ಓಡುವವರಿಗೆ ಆಗುವಂಥದ್ದೇ ಹೇಳಬೇಕಲ್ಲ: ರಾತ್ರಿ ನೆನೆಸಿದ ಹೆಸರುಕಾಳು ರುಬ್ಬಿ ಎರಡು ಸಣ್ಣ ದೋಸೆ, ಒಂದು ಬೇಯಿಸಿದ ಮೊಟ್ಟೆ. ಹಣ್ಣು ಈ ಹೊತ್ತಿಗೆ ಬೇಡ. ಟೀ ಬ್ರೇಕಿಗೆ ಬಿಸ್ಕತ್ತಿನ ಬದಲು ಒಂದು ಹಿಡಿ ಕಡಲೆಕಾಳು ಉಸ್ಲಿ, ಸಂಜೆಗೆ ಒಂದು ಸೀಬೆಹಣ್ಣು, ಮಲಗುವಾಗ ಸಕ್ಕರೆ ಹಾಕದ ಒಂದು ಲೋಟ ಹಾಲು.

ಕೂತು ಮಾಡುವ ಕೆಲಸವಾದ್ದರಿಂದ ನಡಿಗೆಯನ್ನು ಊಟಕ್ಕೇ ಕಟ್ಟಿದೆವು. ಊಟದ ನಂತರದ ನಡಿಗೆಯಲ್ಲಿ ಸ್ನಾಯುಗಳೇ ಸಕ್ಕರೆ ಎಳೆದುಕೊಳ್ಳುತ್ತವೆ. ಮಧ್ಯಾಹ್ನ ಕಾಂಪೌಂಡಿನಲ್ಲಿ 10 ನಿಮಿಷ, ರಾತ್ರಿ ತಾರಸಿಯ ಮೇಲೆ 15–20 ನಿಮಿಷ. ಗಲ್ಲಿಯಲ್ಲಿ ಗಾಡಿ, ನಾಯಿ ಕಾಟ. ನಡೆಯುತ್ತಾ ಮಾತಾಡಲು ಆಗಬೇಕು, ಅಷ್ಟೇ ವೇಗ. ರಕ್ತ ಅಥವಾ ನೀರು ಹೋದರೆ, ಹೊಟ್ಟೆ ಬಿಗಿದು ಬಿಗಿದು ಬಂದರೆ, ತಲೆ ಸುತ್ತಿದರೆ ನಿಲ್ಲಿಸಿ ನೇರ ಆಸ್ಪತ್ರೆಗೆ.

ಮೀಟರ್ ಹಿಡಿಯುವುದನ್ನೂ ತಿದ್ದಬೇಕಾಯಿತು. ಒಂದು ದಿನ 194 ಬಂತೆಂದು ಗಾಬರಿಯಾಗಿ ಫೋನ್ ಮಾಡಿದರು. ಆಗಷ್ಟೇ ಮಾವನಿಗೆ ಪಪ್ಪಾಯಿ ಹೆಚ್ಚಿ ಕೊಟ್ಟಿದ್ದರು. ಸೋಪು ಹಾಕಿ ಕೈ ತೊಳೆದು, ಒರೆಸಿ, ಚುಚ್ಚಿದರೆ 133. ಗಂಟೆಯನ್ನು ಊಟ ಮುಗಿದಾಗಿನಿಂದಲ್ಲ, ಮೊದಲ ತುತ್ತಿನಿಂದ ಎಣಿಸಬೇಕು. ಖಾಲಿ ಹೊಟ್ಟೆಯಲ್ಲಿ 95ರ ಒಳಗೆ, ಊಟದ ಒಂದು ಗಂಟೆಗೆ 140ರ ಒಳಗೆ, ಎರಡು ಗಂಟೆಗಾದರೆ 120ರ ಒಳಗೆ ಇರಬೇಕು.

ಎರಡನೇ ವಾರಕ್ಕೆ ಊಟದ ನಂತರದ್ದು 128ರಿಂದ 138ಕ್ಕೆ ಬಂತು. ಖಾಲಿ ಹೊಟ್ಟೆಯದು ಮಾತ್ರ 98–103ರಲ್ಲೇ ನಿಂತಿತು. ಅದನ್ನು ಇಳಿಸಲೆಂದು ಯಾರಿಗೂ ಹೇಳದೆ ಎರಡು ರಾತ್ರಿ ಊಟ ಬಿಟ್ಟರು. ಸಕ್ಕರೆ ಇಳಿಯಲಿಲ್ಲ, ಬೆಳಗಿನ ಮೂತ್ರದಲ್ಲಿ ಕೀಟೋನ್ ಕಾಣಿಸಿತು. ಉಪವಾಸವಿದ್ದರೆ ದೇಹ ಕೊಬ್ಬು ಸುಡುತ್ತದೆ, ಕೀಟೋನ್ ಬರುವುದು ಅದರಿಂದಲೇ; ಯಕೃತ್ತು ರಾತ್ರಿಯಿಡೀ ತಾನೇ ಸಕ್ಕರೆ ಬಿಡುತ್ತದೆ. ಊಟ ಸರಿಮಾಡಿದ ಮೇಲೂ ಬೆಳಗಿನ ಅಂಕಿ ಜಗ್ಗದಿದ್ದರೆ ಅದು ತಾಯಿಯ ತಪ್ಪಲ್ಲ, ಮಾಸಿನ ಹಾರ್ಮೋನುಗಳ ಕೆಲಸ. ವೈದ್ಯರು ರಾತ್ರಿ ಹೊತ್ತಿಗೆ ಸಣ್ಣ ಪ್ರಮಾಣದ ಇನ್ಸುಲಿನ್ ಶುರು ಮಾಡಿದರು. ಇನ್ಸುಲಿನ್ ಮಾಸು ದಾಟಿ ಮಗುವಿಗೆ ಹೋಗುವುದಿಲ್ಲ ಎಂದ ಮೇಲೆ ಅತ್ತೆ ಸಮಾಧಾನವಾದರು. ಅಂದಿನಿಂದ ಬ್ಯಾಗಿನಲ್ಲಿ ಸಕ್ಕರೆ ಪೊಟ್ಟಣ ಇರಲೇಬೇಕು: ನಡುಕ, ಬೆವರು ಬಂದು 70ಕ್ಕಿಂತ ಕೆಳಗಿಳಿದರೆ ಮೂರು ಟೀ ಚಮಚ ನೀರಿಗೆ ಹಾಕಿ ಕುಡಿದು, 15 ನಿಮಿಷಕ್ಕೆ ಮತ್ತೆ ನೋಡುವುದು.

ಹೆರಿಗೆಯಾದ ಮೇಲಿನ ಪರೀಕ್ಷೆ ಮರೆತೇ ಹೋಗುವಂಥದ್ದು. ಬಾಣಂತನಕ್ಕೆ ಇವರು ಹೋಗುವುದು ಕುಣಿಗಲ್ ಕಡೆಯ ತವರಿಗೆ. ಅದಕ್ಕೇ ಮಗುವಿನ 6ನೇ ವಾರದ ಚುಚ್ಚುಮದ್ದಿನ ದಿನವೇ ತಾಯಿಯೂ ಖಾಲಿ ಹೊಟ್ಟೆಯಲ್ಲಿ ಬಂದು 75 ಗ್ರಾಂ ಗ್ಲೂಕೋಸ್ ಪರೀಕ್ಷೆ ಮಾಡಿಸಿಕೊಳ್ಳಲಿ ಎಂದು ತಾಯಿ ಕಾರ್ಡಿನಲ್ಲಿ ಬರೆದುಕೊಟ್ಟೆವು.