ಮಗುವಿನ ಬಾಯಿಂದ ತಾಯಿಗೆ: ಸಂಪಾದಕರ ಉತ್ತರ

ಯೂರೋಪಿನ ಬೋಸ್ನಿಯಾದ ಹಳ್ಳಿಗಳಲ್ಲಿ ಹಿಂದೆ ಚಿಕ್ಕ ಮಕ್ಕಳಿಗೂ ಸಿಫಿಲಿಸ್ (ಸಾಮಾನ್ಯವಾಗಿ ದೇಹಸಂಬಂಧದಿಂದ ಹರಡುವ ರೋಗ) ಬರುತ್ತಿತ್ತು ಎಂದು ನಾವು ಬರೆದದ್ದು ನಿಮಗೆ ನಂಬಿಕೆ ಬಂದಿಲ್ಲ. ‘ದೊಡ್ಡವರ ತಪ್ಪು ಮುಚ್ಚಲು ಕಟ್ಟಿದ ಕಥೆ, ಅಲ್ವಾ? ಮಗುವಿನಿಂದ ತಾಯಿಗೆ ಅಂಟಲು ಸಾಧ್ಯವೇ?’ ಎಂದು ಕೇಳಿದ್ದೀರಿ. ಕಥೆಯಲ್ಲ. ಇಂಥ ಅನುಮಾನಕ್ಕೆ ಹೆದರಿಯೇ ಜನ ಈ ಕಾಯಿಲೆಯನ್ನು ಮುಚ್ಚಿಡುತ್ತಾರೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಅಲ್ಲಿದ್ದ ಬಗೆಯ ಸಿಫಿಲಿಸ್ ಹರಡಲು ದೇಹಸಂಬಂಧ ಬೇಕಿರಲಿಲ್ಲ. ಮಗುವಿನ ಕಟವಾಯಿ ಬಿರಿಯುತ್ತದೆ. ಬಾಯೊಳಗೆ ಬಿಳಿ ಮಚ್ಚೆ ಏಳುತ್ತದೆ. ಅಷ್ಟೇನೂ ನೋವಿರುವುದಿಲ್ಲ, ಹಾಗಾಗಿ ಯಾರೂ ಗಮನಿಸುವುದಿಲ್ಲ. ಆ ಮಗು ಹೂಜಿಗೆ ಬಾಯಿಟ್ಟು ನೀರು ಕುಡಿಯುತ್ತದೆ. ಅದೇ ಹೂಜಿ ತಂಗಿಯ ಕೈಗೆ, ಆಮೇಲೆ ಅಮ್ಮನ ಕೈಗೆ. ಬಡತನ, ಇಕ್ಕಟ್ಟಾದ ಮನೆ, ಎಲ್ಲರಿಗೂ ಒಂದೇ ಪಾತ್ರೆ. ರೋಗಾಣುವಿಗೆ ಅಷ್ಟು ಸಾಕು. ಹುಣ್ಣು ತಾನಾಗಿ ಮಾಯುತ್ತದೆ, ರೋಗ ಒಳಗೇ ಉಳಿಯುತ್ತದೆ. ಎಷ್ಟೋ ವರ್ಷದ ಮೇಲೆ ಕೆಲವರಲ್ಲಿ ಮೂಗಿನ ಮೂಳೆಯನ್ನೂ ಅಂಗುಳನ್ನೂ ತಿಂದುಹಾಕುತ್ತದೆ.

ಅಲ್ಲಿನವರು ಇದನ್ನು ‘ಫ್ರೆಂಗಾ’ ಎನ್ನುತ್ತಿದ್ದರು. ಟರ್ಕಿ ಭಾಷೆಯ ‘ಫ್ರೆಂಗಿ’ಯಿಂದ ಬಂದ ಮಾತು. ನಮ್ಮ ‘ಪರಂಗಿ ಹುಣ್ಣು’ ನೆನಪಾಯಿತೇ? ಎರಡರ ಮೂಲವೂ ಪಶ್ಚಿಮ ಯೂರೋಪಿನವರನ್ನು ಕರೆಯುತ್ತಿದ್ದ ಹೆಸರು. ಎರಡೂ ಕಡೆ ರೋಗದ ಹೆಸರು ಹೊರಗಿನವರ ತಲೆಗೇ ಕಟ್ಟಿದ್ದು.

1878ರಲ್ಲಿ ಆಸ್ಟ್ರಿಯಾ-ಹಂಗೇರಿ ಬೋಸ್ನಿಯಾವನ್ನು ಹಿಡಿದಾಗ ಅಲ್ಲಿನ ವೈದ್ಯರ ಕೈಯಲ್ಲಿದ್ದ ಮುಖ್ಯ ಮದ್ದು ಪಾದರಸ. 1910ರ ನಂತರ ಆರ್ಸೆನಿಕ್ ಇಂಜೆಕ್ಷನ್ ಬಂತು. ಆದರೆ ಅದನ್ನು ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕು. ಹುಣ್ಣು ಮಾಯವಾದ ಮೇಲೂ ಬೆಟ್ಟದ ಹಳ್ಳಿಯಿಂದ ಇಳಿದು ಆಸ್ಪತ್ರೆಗೆ ಬಾ ಎಂದರೆ ಯಾರು ಬರುತ್ತಾರೆ? ನಾನು ಅವರನ್ನು ದೂರಲಾರೆ.

ಕೊನೆಗೆ ಆಸ್ಪತ್ರೆಯೇ ಬೆಟ್ಟ ಹತ್ತಿತು. 1948ರಲ್ಲಿ, ಬೋಸ್ನಿಯಾ ಆಗ ಸೇರಿದ್ದ ಯುಗೊಸ್ಲಾವಿಯಾ ದೇಶದ ಸರ್ಕಾರ ದೊಡ್ಡ ಕಾರ್ಯಾಚರಣೆ ಶುರುಮಾಡಿತು. ಮುಂದೆ ನಿಂತವರು ಬೋಸ್ನಿಯಾದ ಸರಾಯೆವೊ ನಗರದ ಚರ್ಮವೈದ್ಯ ಅರ್ನೆಸ್ಟ್ ಗ್ರಿನ್. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಾದವು. ತಂಡಗಳು ಹಳ್ಳಿಹಳ್ಳಿಗೆ ಹೋಗಿ ಚರ್ಮ ನೋಡಿದವು, ಬಾಯಿ ತೆರೆಸಿ ನೋಡಿದವು, ರಕ್ತ ತೆಗೆದವು. ಮೇಲ್ನೋಟಕ್ಕೆ ಗಟ್ಟಿಮುಟ್ಟಾಗಿದ್ದವರಲ್ಲೂ ಅಡಗಿದ್ದ ಸೋಂಕನ್ನು ರಕ್ತಪರೀಕ್ಷೆ ಪತ್ತೆಹಚ್ಚಿತು. ಪೆನಿಸಿಲಿನ್‌ನ ಕೆಲವೇ ಇಂಜೆಕ್ಷನ್ನು ಸಾಕಾಗುತ್ತಿತ್ತು. ಆಮೇಲೂ ಸುಮ್ನೆ ಬಿಡಲಿಲ್ಲ, ತಂಡಗಳು ಮತ್ತೆ ಬಂದು ಎಲ್ಲರನ್ನೂ ನೋಡಿದವು. ನನಗೆ ತುಂಬಾ ಮೆಚ್ಚುಗೆಯಾದದ್ದು ಇದೇ. ‘ಯಾರಿಂದ ಬಂತು’ ಎನ್ನುವುದಕ್ಕಿಂತ ‘ಈ ಮನೆಯಲ್ಲಿ ಇನ್ನು ಯಾರ್ಯಾರಿದ್ದಾರೆ’ ಎನ್ನುವುದೇ ಅಲ್ಲಿ ಮುಖ್ಯವಾಯಿತು. ಶತಮಾನ ದಾಟಿ ಬಂದಿದ್ದ ಪಿಡುಗು ಕೆಲವೇ ವರ್ಷಗಳಲ್ಲಿ ಅಡಗಿತು.

ಇನ್ನು ನಿಮ್ಮ ಎರಡನೇ ಪ್ರಶ್ನೆ, ಮಗುವಿನಿಂದ ತಾಯಿಗೆ ಅಂಟಲು ಸಾಧ್ಯವೇ ಎಂದು. ಸಾಧ್ಯ. ಚಿಕ್ಕಂದಿನಲ್ಲಿ ಈ ರೋಗದಿಂದ ತಪ್ಪಿಸಿಕೊಂಡಿದ್ದ ಎಷ್ಟೋ ತಾಯಂದಿರಿಗೆ ಅದು ಅಂಟಿದ್ದು ತಮ್ಮ ಮಕ್ಕಳಿಂದಲೇ.