ಬ್ಯಾಟರಿ ಬೆಲೆ ಏರಿತೋ, ದುಡ್ಡಿನ ಬೆಲೆ ಇಳಿಯಿತೋ?

ಪ್ರಶ್ನೆ: ಹನ್ನೆರಡು ವರ್ಷದ ಹಿಂದೆ ಕಾರಿಗೆ ಬ್ಯಾಟರಿ ಹಾಕಿಸಿದ ಬಿಲ್ ಕಣ್ಣಿಗೆ ಬಿತ್ತು. ಅದೇ ಅಳತೆಯ ಬ್ಯಾಟರಿಗೆ ಈಗ ಎರಡು ಪಟ್ಟಿಗೂ ಹೆಚ್ಚು ಕೇಳುತ್ತಾರೆ. ಸೀಸದ ಬೆಲೆ ಅಷ್ಟು ಏರಿದೆಯೇ?

ಉತ್ತರ: ಇಲ್ಲ. ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸೀಸದ್ದೇ ಆದ್ದರಿಂದ ಅದರ ಮೇಲೆ ಅನುಮಾನ ಬರುವುದು ಸಹಜ. ಆದರೆ ಲಂಡನ್ ಲೋಹ ಮಾರುಕಟ್ಟೆಯಲ್ಲಿ ಸೀಸ ದೊಡ್ಡ ಜಿಗಿತ ಕಂಡದ್ದು 2007ರಲ್ಲಿ. ಆಗ ಟನ್ನಿಗೆ 3,500 ಡಾಲರ್ ದಾಟಿ, ಮರುವರ್ಷವೇ ಕುಸಿಯಿತು. ಈಚಿನ ಹತ್ತು ವರ್ಷ ಅದು ಹೆಚ್ಚೂಕಡಿಮೆ 2,000 ಡಾಲರಿನ ಆಸುಪಾಸಿನಲ್ಲೇ ಓಡಾಡಿದೆ. ಡಾಲರಿನ ಎದುರು ನಿಮ್ಮ ದೇಶದ ಹಣ ಇಳಿದಿದ್ದರೆ ಅದೇ ಸೀಸ ನಿಮಗೆ ದುಬಾರಿಯಾಗುತ್ತದೆ, ಅದು ಬೇರೆ ಮಾತು. ಇದರ ಜೊತೆಗೆ ಪ್ಲಾಸ್ಟಿಕ್ ಪೆಟ್ಟಿಗೆ, ಕರಗಿಸುವ ಇಂಧನ, ಕೂಲಿ, ಸಾಗಣೆ ಎಲ್ಲವೂ ಏರಿವೆ.

ನಿಜವಾಗಿ ದುಬಾರಿಯಾಯಿತೇ ಎಂದು ತಿಳಿಯಲು ಬಿಲ್ಲಿನ ತಿಂಗಳಿನ ಗ್ರಾಹಕ ಬೆಲೆ ಸೂಚ್ಯಂಕವನ್ನೂ (ಸಾಮಾನ್ಯ ಮನೆಯ ಖರ್ಚಿನ ಬೆಲೆಮಟ್ಟ ಹೇಳುವ ಸರ್ಕಾರಿ ಅಂಕಿ) ಈಗಿನದನ್ನೂ ತೆಗೆದುಕೊಳ್ಳಿ. ಎರಡಕ್ಕೂ ಮೂಲ ವರ್ಷ, ಅಂದರೆ ಬೆಲೆಯನ್ನು 100 ಎಂದು ಹಿಡಿದ ವರ್ಷ, ಒಂದೇ ಇರಬೇಕು, ತಪ್ಪುವುದು ಇಲ್ಲೇ. ಆಗ 110, ಈಗ 198 ಎಂದಿಟ್ಟುಕೊಳ್ಳಿ. ಭಾಗಿಸಿದರೆ 1.8. ಆಗ 100 ಇದ್ದ ಬ್ಯಾಟರಿ ಈಗ 180 ಆಗಿದ್ದರೆ ಅದು ದುಬಾರಿಯಾಗಿಲ್ಲ, ಹಣದ ಬೆಲೆ ಇಳಿದಿದೆ ಅಷ್ಟೆ. 210 ಆಗಿದ್ದರೆ ಸುಮಾರು ಶೇ. 17ರಷ್ಟು ನಿಜವಾದ ಏರಿಕೆ. ಸೂಚ್ಯಂಕ ಕೈಗೆ ಸಿಗದಿದ್ದರೆ 72ನ್ನು ವಾರ್ಷಿಕ ಬೆಲೆಯೇರಿಕೆಯಿಂದ ಭಾಗಿಸಿ, ಬೆಲೆ ಇಮ್ಮಡಿಯಾಗಲು ಎಷ್ಟು ವರ್ಷ ಎಂಬುದು ಸಿಗುತ್ತದೆ. ಶೇ. 6 ಇದ್ದಲ್ಲಿ ಹನ್ನೆರಡೇ ವರ್ಷಕ್ಕೆ ಎಲ್ಲದರ ಬೆಲೆ ಇಮ್ಮಡಿ. ಇನ್ನೂ ಸರಳವಾದದ್ದು, ನನ್ನ ಮಟ್ಟಿಗೆ ಹೆಚ್ಚು ಪ್ರಾಮಾಣಿಕವಾದದ್ದು, ಸಂಬಳದ ಲೆಕ್ಕ: ಆಗ ಎಷ್ಟು ದಿನದ ದುಡಿಮೆಗೆ ಒಂದು ಬ್ಯಾಟರಿ ಬರುತ್ತಿತ್ತು, ಈಗ ಎಷ್ಟು ದಿನದ್ದಕ್ಕೆ?

ಪ್ರಶ್ನೆ: ಹೊಸ ಕಾರಿನ ಬ್ಯಾಟರಿ ಹಳೆಯದಕ್ಕಿಂತ ತುಂಬ ದುಬಾರಿ. ಸಿಗ್ನಲ್ಲಿನಲ್ಲಿ ಎಂಜಿನ್ ತಾನೇ ಆರುವ ಕಾರು ಇದು. ಸಾಮಾನ್ಯ ಬ್ಯಾಟರಿ ಹಾಕಿಸಬಹುದೇ?

ಉತ್ತರ: ಬೇಡ. ಅಂಥ ಕಾರಿನಲ್ಲಿ ಇರುವುದು ಎಜಿಎಂ (ಆಸಿಡ್ಡನ್ನು ಗಾಜಿನ ನಾರಿನ ಹಾಸು ಹೀರಿ ಹಿಡಿದಿರುವುದು) ಅಥವಾ ಇಎಫ್‌ಬಿ (ಸಾಮಾನ್ಯ ಬ್ಯಾಟರಿಯನ್ನೇ ಗಟ್ಟಿಮಾಡಿದ್ದು) ಬ್ಯಾಟರಿ. ಎಂಜಿನ್ ನಿಂತಾಗಲೆಲ್ಲ ದೀಪ, ಫ್ಯಾನು ಬ್ಯಾಟರಿಯಿಂದಲೇ ಓಡುತ್ತವೆ. ದಿನಕ್ಕೆ ಹತ್ತಾರು ಸಲ ಸ್ಟಾರ್ಟ್ ಆಗಬೇಕು. ಸಾಮಾನ್ಯ ಬ್ಯಾಟರಿಯ ಪ್ಲೇಟುಗಳು ಈ ಏರಿಳಿತಕ್ಕೆ ಬೇಗ ಉದುರುತ್ತವೆ. ಎಜಿಎಂ ಇದ್ದಲ್ಲಿಗೆ ಎಜಿಎಂ ಅನ್ನೇ ಹಾಕಿಸಿ. ಕೆಲವು ಕಾರುಗಳಲ್ಲಿ ಹೊಸ ಬ್ಯಾಟರಿಯನ್ನು ಕಂಪ್ಯೂಟರಿಗೆ ದಾಖಲಿಸಬೇಕಾಗುತ್ತದೆ, ಅದನ್ನು ಬಿಟ್ಟರೆ ಹಳೇ ಬ್ಯಾಟರಿ ಇದೆಯೆಂದೇ ತಿಳಿದು ಚಾರ್ಜ್ ಮಾಡುತ್ತಿರುತ್ತದೆ.

ಪ್ರಶ್ನೆ: ಎರಡೇ ವರ್ಷಕ್ಕೆ ಬ್ಯಾಟರಿ ಕೈಕೊಡುತ್ತಿದೆ. ಬೆಲೆಯಂತೂ ಇಳಿಯುವುದಿಲ್ಲ, ಬಾಳಿಕೆಯನ್ನಾದರೂ ಹೆಚ್ಚಿಸುವುದು ಹೇಗೆ?

ಉತ್ತರ: ಹೊಸದು ಕೊಳ್ಳುವ ಮೊದಲು ತಪ್ಪು ಬ್ಯಾಟರಿಯದೇ ಎಂದು ಖಚಿತ ಮಾಡಿಕೊಳ್ಳಿ. ಸಾದಾ ಮಲ್ಟಿಮೀಟರ್ ಸಾಕು.

ರಾತ್ರಿಯಿಡೀ ನಿಂತ ಕಾರಿನಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ನೋಡಿ. 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಎಂದರೆ ಅರ್ಧ, 11.9ಕ್ಕೆ ಬಹುತೇಕ ಖಾಲಿ. ಚಾರ್ಜ್ ಮಾಡಿದ ಮೇಲೂ 10.5ರ ಹತ್ತಿರವೇ ನಿಂತರೆ ಆರು ಸೆಲ್ಲುಗಳಲ್ಲಿ ಒಂದು ಸತ್ತಿದೆ. ಒಂದೊಂದು ಸೆಲ್ಲಿನದು 2.1 ವೋಲ್ಟ್, ಅದು ಕಳೆದುಹೋಗಿದೆ. ಇನ್ನು ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಬಿದ್ದರೆ ವೈರಿನ ಕ್ಲ್ಯಾಂಪಿನ ಮೇಲಲ್ಲ, ಬ್ಯಾಟರಿಯ ಸೀಸದ ಗೂಟದ ಮೇಲೇ ಮೀಟರಿನ ಮೊನೆ ಇಟ್ಟು ಮತ್ತೊಮ್ಮೆ ಅಳೆಯಿರಿ. ಗೂಟದಲ್ಲಿ ಸರಿಯಿದ್ದು ಕ್ಲ್ಯಾಂಪಿನಲ್ಲಿ ಮಾತ್ರ ಕಡಿಮೆ ತೋರಿಸಿದರೆ ಬ್ಯಾಟರಿ ಚೆನ್ನಾಗಿಯೇ ಇದೆ, ನಡುವೆ ಕಟ್ಟಿದ ಬಿಳಿ-ಹಸಿರು ಪುಡಿಯೇ ಕಳ್ಳ. ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಬೆರೆಸಿ ಹಳೇ ಬ್ರಷ್ಷಿನಿಂದ ಉಜ್ಜಿ, ಒರೆಸಿ, ಒಣಗಿಸಿ, ಬಿಗಿ ಮಾಡಿ, ಮೇಲೆ ತೆಳುವಾಗಿ ವ್ಯಾಸಲೀನ್ ಸವರಿ. ಸೋಡಾನೀರು ಸೆಲ್ಲಿನೊಳಗೆ ಇಳಿಯಬಾರದು. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಇಲ್ಲವಾದರೆ ಪ್ಲಸ್ ಬಿಚ್ಚುತ್ತಿರುವ ಸ್ಪ್ಯಾನರ್ ಕಾರಿನ ಲೋಹದ ಮೈಗೆ ತಗುಲಿ ಶಾರ್ಟ್ ಆಗುತ್ತದೆ.

ಎಂಜಿನ್ ಓಡುವಾಗ 13.8ರಿಂದ 14.5 ಇರಬೇಕು. ಅದಕ್ಕಿಂತ ಕಡಿಮೆಯಿದ್ದರೆ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಅಥವಾ ಅದರ ಬೆಲ್ಟ್ ನೋಡಿಸಿ, ಹೊಸ ಬ್ಯಾಟರಿಗೆ ಹಾಕಿದ ದುಡ್ಡು ದಂಡ. 15 ದಾಟಿದರೆ ಒಳಗಿನ ನೀರು ಅನಿಲವಾಗಿ ಒಡೆದು ಗುಳ್ಳೆಗಟ್ಟಿ ಹೊರಟುಹೋಗುತ್ತದೆ. (ಹೊಸ ಕಾರುಗಳಲ್ಲಿ ಕಂಪ್ಯೂಟರೇ ಇದನ್ನು ಏರಿಸಿ ಇಳಿಸುತ್ತದೆ. ಒಂದೇ ಸಲ ನೋಡಿ ತೀರ್ಮಾನಿಸಬೇಡಿ.)

ಇಷ್ಟೆಲ್ಲ ಸರಿಯಿದ್ದೂ ಎರಡು ವರ್ಷಕ್ಕೇ ಹೋಗುತ್ತಿದ್ದರೆ ಕಾರಣ ಮೂರರಲ್ಲೊಂದು. ಬಿಸಿಲು: ಬ್ಯಾಟರಿಯ ಬಿಸಿ ಹತ್ತು ಡಿಗ್ರಿ ಹೆಚ್ಚಿದಲ್ಲಿ ಆಯಸ್ಸು ಹತ್ತಿರ ಹತ್ತಿರ ಅರ್ಧವಾಗುತ್ತದೆ. ಸುತ್ತಲಿನ ಶಾಖತಡೆ ಹೊದಿಕೆಯನ್ನು ಮೆಕ್ಯಾನಿಕ್ ತೆಗೆದು ಮೂಲೆಗೆಸೆದಿದ್ದರೆ ಮತ್ತೆ ಹಾಕಿಸಿ. ಎರಡನೆಯದು ದಿನಾ ಐದು ನಿಮಿಷದ ಓಡಾಟ. ಎಂದೂ ಪೂರ್ತಿ ತುಂಬದ ಬ್ಯಾಟರಿಯ ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ, ಮತ್ತೆ ಕರಗುವುದಿಲ್ಲ. ವಾರಕ್ಕೊಮ್ಮೆ ಮುಕ್ಕಾಲು ಗಂಟೆ ಓಡಿಸಿ. ಮೂರನೆಯದು ನಿಂತ ಕಾರಿನಲ್ಲಿ ಸೋರುವ ಕರೆಂಟು. 50 ಮಿಲಿಆಂಪಿಯರ್‌ವರೆಗೆ ಸಹಜ. ಅಷ್ಟೇ ಸೋರಿದರೂ ತಿಂಗಳಿಗೆ 36 ಆಂಪಿಯರ್-ಅವರ್ ಹೋಗುತ್ತದೆ, 45 ಆಂಪಿಯರ್-ಅವರ್ ಹಿಡಿಸುವ ಬ್ಯಾಟರಿಯಲ್ಲಿ ಉಳಿಯುವುದೇನು? ಕಾರನ್ನು ವಾರಗಟ್ಟಲೆ ನಿಲ್ಲಿಸುವವರು ಮೈನಸ್ ಬಿಚ್ಚಿಡಿ.

ನೀರು ಹಾಕುವ ಬ್ಯಾಟರಿಯಾದರೆ ಪ್ಲೇಟಿನಿಂದ ಒಂದು ಸೆಂಟಿಮೀಟರ್ ಮೇಲಕ್ಕೆ, ಡಿಸ್ಟಿಲ್ಡ್ ವಾಟರ್ ಮಾತ್ರ. ಆವಿಯಾಗುವುದು ನೀರು, ಆಸಿಡ್ ಒಳಗೇ ಇರುತ್ತದೆ. ಆಸಿಡ್ ಸುರಿದರೆ ಪ್ಲೇಟು ಸುಡುತ್ತದೆ.

ಪ್ರಶ್ನೆ: ಸೋಪು, ಪುಡಿಗಳ ಬೆಲೆ ಹಾಗೇ ಇದೆ, ಆದರೆ ಬೇಗ ಮುಗಿಯುತ್ತಿವೆ. ಭ್ರಮೆಯೇ?

ಉತ್ತರ: ಭ್ರಮೆಯಲ್ಲ. ಪೊಟ್ಟಣದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿರುವ ತೂಕ ಓದಿ. 100 ಗ್ರಾಂ ಇದ್ದದ್ದು 85 ಆಗಿದ್ದರೆ ಬೆಲೆ ಶೇ. 17ಕ್ಕೂ ಹೆಚ್ಚು ಏರಿದೆ, ಶೇ. 15 ಅಲ್ಲ. ಹಳೇ ಖಾಲಿ ಪೊಟ್ಟಣ ಒಂದನ್ನು ಎತ್ತಿಟ್ಟುಕೊಂಡರೆ ಹೋಲಿಸಲು ಸುಲಭ.

ಪ್ರಶ್ನೆ: ಅಗ್ಗದ ಬ್ಯಾಟರಿ ಒಳ್ಳೆಯದೋ, ದುಬಾರಿಯದೋ?

ಉತ್ತರ: ಬೆಲೆಯನ್ನು ಪುಕ್ಕಟೆ ಬದಲಿಸಿಕೊಡುವ ತಿಂಗಳುಗಳಿಂದ ಭಾಗಿಸಿ. ಬೆಲೆ 100, ವಾರಂಟಿ 24 ತಿಂಗಳಾದರೆ ತಿಂಗಳಿಗೆ 4.2. ಬೆಲೆ 130, ವಾರಂಟಿ 36 ತಿಂಗಳಾದರೆ 3.6. ‘ಪ್ರೊ-ರೇಟಾ’ ತಿಂಗಳುಗಳನ್ನು ಸೇರಿಸಬೇಡಿ, ಆ ಅವಧಿಯಲ್ಲಿ ಸಿಗುವುದು ಹೊಸದರ ಮೇಲೆ ರಿಯಾಯಿತಿ ಮಾತ್ರ. ತಯಾರಾದ ದಿನಾಂಕ ಆರು ತಿಂಗಳಿಗಿಂತ ಹಳೆಯದಿದ್ದರೆ ಬೇರೆಯದು ಕೇಳಿ. ಹಳೇ ಬ್ಯಾಟರಿಯನ್ನು ಸುಮ್ಮನೆ ಬಿಟ್ಟು ಬರಬೇಡಿ: ಅದರ ಸೀಸವೇ ಕರಗಿ ಹೊಸ ಬ್ಯಾಟರಿಯಾಗುತ್ತದೆ, ಅದಕ್ಕೆ ಎಷ್ಟು ಕಳೆಯುತ್ತಾರೆಂದು ಕೇಳಿ ಬಿಲ್ಲಿನಲ್ಲಿ ಬರೆಸಿ.