ಫರ್ಗಾನಾ ಕಣಿವೆಯ ಡೊಂಕು ಗಡಿ

ಪ್ರಶ್ನೆ: ನನ್ನ ಮಗಳು ಕಿರ್ಗಿಸ್ತಾನದ ಓಶ್ ನಗರದಲ್ಲಿ ವೈದ್ಯಕೀಯ ಓದುತ್ತಿದ್ದಾಳೆ. ಊರಾಚೆಗೇ ಉಜ್ಬೇಕಿಸ್ತಾನ ಎನ್ನುತ್ತಾಳೆ. ನಕ್ಷೆಯಲ್ಲಿ ನೋಡಿದರೆ ಅಲ್ಲಿನ ಗಡಿ ಬೆಟ್ಟದ ಸಾಲನ್ನೂ ಅನುಸರಿಸಿಲ್ಲ, ಹೊಳೆಯನ್ನೂ ಅನುಸರಿಸಿಲ್ಲ. ಇಂಥ ಗೆರೆಯನ್ನು ಎಳೆದವರು ಯಾರು? ಅದನ್ನು ಕಾಯುವುದಾದರೂ ಹೇಗೆ?
– ಕಾಫಿ ಬೆಳೆಗಾರರೊಬ್ಬರು, ಮೂಡಿಗೆರೆ

ಉತ್ತರ: ಎಳೆದ ಕಾಲಕ್ಕೆ ಅದು ಕಾಯಬೇಕಾದ ಗೆರೆಯೇ ಆಗಿರಲಿಲ್ಲ. 1924ರಿಂದ ಮುಂದಕ್ಕೆ ಸೋವಿಯತ್ ಸರ್ಕಾರವು ಮಧ್ಯ ಏಷ್ಯಾವನ್ನು ಜನಾಂಗಗಳ ಹೆಸರಿನಲ್ಲಿ ವಿಂಗಡಿಸಿದಾಗ, ಭಾಷೆಯ ಜೊತೆಗೆ ಹತ್ತಿಯ ಬಯಲು, ಕಾಲುವೆ, ಸ್ಥಳೀಯ ಮುಖಂಡರ ಚೌಕಾಸಿ ಎಲ್ಲವೂ ಲೆಕ್ಕಕ್ಕೆ ಬಂದವು. ಬೆಟ್ಟದ ಪಶುಪಾಲಕರಿಗೆ ಒಂದು ಪೇಟೆ ಬೇಕೆಂಬ ವಾದದಿಂದ, ಉಜ್ಬೆಕರು ಬಹಳವಾಗಿದ್ದ ಓಶ್ ಕಿರ್ಗಿಜರ ಪಾಲಿಗೆ ಬಂತು. ತಾವು ಚಾರ್ಮಾಡಿ ಘಾಟಿಯ ಮೇಲಿನವರು. 1956ರ ನವೆಂಬರ್ 1ರವರೆಗೆ ಘಾಟಿಯ ಕೆಳಗಿನದು ಮದರಾಸು ರಾಜ್ಯವಾಗಿತ್ತೆಂಬುದನ್ನು ಹಿರಿಯರಿಂದ ಕೇಳಿರಬಹುದು. ಆ ಗೆರೆ ಒಂದೇ ರಾಜ್ಯದೊಳಗೆ ಕರಗಿಹೋಯಿತು. ಓಶ್ ಇರುವ, ಕಿರ್ಗಿಸ್ತಾನ, ಉಜ್ಬೇಕಿಸ್ತಾನ, ತಜಿಕಿಸ್ತಾನಗಳು ಹಂಚಿಕೊಂಡಿರುವ ಫರ್ಗಾನಾ ಕಣಿವೆಯ ಗೆರೆಗಳು ಇದಕ್ಕೆ ತಿರುಗುಮುರುಗಾಗಿ, ಸೋವಿಯತ್ ಒಕ್ಕೂಟ ಒಡೆದ 1991ರಲ್ಲಿ ಅಂತರರಾಷ್ಟ್ರೀಯ ಗಡಿಗಳಾದವು.

ಪೆಟ್ಟು ಬಿದ್ದದ್ದು ಮೊದಲು ನೀರಿಗೆ. ಕಿರ್ಗಿಸ್ತಾನದ ನಾರಿನ್ ನದಿಯ ಟೊಕ್ಟೊಗುಲ್ ಅಣೆಕಟ್ಟೆಯಿಂದ ಬೇಸಿಗೆಯಲ್ಲಿ ಕೆಳಗಿನ ಹತ್ತಿ ಹೊಲಗಳಿಗೆ ನೀರು ಹರಿಯಬೇಕು, ಪ್ರತಿಯಾಗಿ ಕೆಳಗಿನವರು ಚಳಿಗಾಲಕ್ಕೆ ಕಲ್ಲಿದ್ದಲು, ಅನಿಲ ಕೊಡಬೇಕು ಎಂಬುದು ಹಳೆಯ ಏರ್ಪಾಡು. ಸ್ವಾತಂತ್ರ್ಯದ ನಂತರ ಕೆಳಗಿನವರು ಇಂಧನಕ್ಕೆ ದುಡ್ಡು ಕೇಳಿದರು. ಕಿರ್ಗಿಸ್ತಾನವು ವಿದ್ಯುತ್ತಿಗಾಗಿ ಚಳಿಗಾಲದಲ್ಲೇ ನೀರು ಬಿಡತೊಡಗಿತು. ತಮ್ಮ ತಾಲ್ಲೂಕಿನಲ್ಲೇ ಹುಟ್ಟುವ ಹೇಮಾವತಿಯ ನೀರಿಗೆ ಗೊರೂರಿನ ಕೆಳಗೆ ಎಷ್ಟು ಜಗಳವಿದೆಯೆಂಬುದು ತಮಗೆ ಗೊತ್ತು. ಫರ್ಗಾನಾದಲ್ಲಾದರೋ ಮೇಲಿನವರು ಮತ್ತು ಕೆಳಗಿನವರ ಮಾತು ಕೇಳಲು ಇಬ್ಬರಿಗೂ ಮೇಲಾದ ನ್ಯಾಯಾಲಯವೇ ಉಳಿಯಲಿಲ್ಲ.

ರಕ್ಷಣೆಯ ವಿಷಯದಲ್ಲಿ ಕಿರ್ಗಿಸ್ತಾನ, ತಜಿಕಿಸ್ತಾನ ಎರಡೂ ರಷ್ಯಾದ ನೇತೃತ್ವದ ಒಂದೇ ಸೇನಾ ಒಕ್ಕೂಟದಲ್ಲಿವೆ, ಎರಡರಲ್ಲೂ ರಷ್ಯಾದ ಸೇನಾನೆಲೆಗಳಿವೆ. ಆದರೂ 2021ರ ಏಪ್ರಿಲ್‌ನಲ್ಲಿ, ಈ ಎರಡು ದೇಶಗಳ ಗಡಿಯಲ್ಲಿ ನೀರು ಹಂಚುವ ತೂಬಿನ ಬಳಿ ಕ್ಯಾಮೆರಾ ಅಳವಡಿಸಿದರೆಂಬ ತಕರಾರು ಕಲ್ಲೆಸೆತದಿಂದ ಗುಂಡಿನ ಕಾಳಗಕ್ಕೆ ತಿರುಗಿತು; 2022ರಲ್ಲಿ ಇನ್ನೂ ಘೋರವಾಗಿ ಮರುಕಳಿಸಿತು. ಹೊರಗಿನ ಶತ್ರುವಿಗಾಗಿ ಕಟ್ಟಿದ ಒಕ್ಕೂಟಕ್ಕೆ ನೆರೆಮನೆಯ ಜಗಳ ಬಿಡಿಸಲಾಗಲಿಲ್ಲ.

ರಾಷ್ಟ್ರಭಾವನೆಯನ್ನು ಹೊಸದಾಗಿ ಕಟ್ಟಬೇಕಾಯಿತು. ಕಿರ್ಗಿಜರು ಜನಪದ ಮಹಾಕಾವ್ಯದ ವೀರ ಮನಸ್‌ನನ್ನು ಆರಿಸಿಕೊಂಡರು. ಉಜ್ಬೆಕರು ಆರಿಸಿದ್ದು ತೈಮೂರನನ್ನು. 1398ರಲ್ಲಿ ದೆಹಲಿಯನ್ನು ಕೊಳ್ಳೆಹೊಡೆದವನೆಂದು ನಾವು ಶಾಲೆಯಲ್ಲಿ ಓದಿದವನು ತಾಷ್ಕೆಂಟಿನಲ್ಲಿ, ಹಿಂದೆ ಮಾರ್ಕ್ಸ್‌ನ ಪ್ರತಿಮೆಯಿದ್ದ ಚೌಕದಲ್ಲಿ, ಕುದುರೆಯೇರಿ ನಿಂತಿದ್ದಾನೆ! ಆದರೆ ಓಶ್‌ನ ಉಜ್ಬೆಕನಿಗೆ ಮನಸ್ ಪೂರ್ತಿ ತನ್ನವನಲ್ಲ, ತೈಮೂರನ ದೇಶವೂ ತನ್ನದಲ್ಲ. 2010ರ ಜೂನ್‌ನಲ್ಲಿ ಆ ನಗರದಲ್ಲಿ ನಡೆದ ಗಲಭೆಯಲ್ಲಿ ನೂರಾರು ಜನ ಸತ್ತರು. ರಾಜಧಾನಿ ಬಿಷ್ಕೆಕ್ ಇರುವುದು ಎತ್ತರದ ಪರ್ವತ ಕಣಿವೆಗಳನ್ನು ದಾಟುವ ಆರುನೂರು ಕಿಲೋಮೀಟರಿಗೂ ಮೀರಿದ ರಸ್ತೆಯಾಚೆ. ಹಾಗಾಗಿ ನನ್ನ ಅಭಿಪ್ರಾಯದಲ್ಲಿ ಆ ದೇಶಕ್ಕೆ ಹೊರಗಿನ ಗಡಿಗಿಂತ ಈ ಒಳಗಿನ ದೂರವೇ ಹೆಚ್ಚು ಕಠಿಣವಾದದ್ದು.

ಮಗಳ ಬಗ್ಗೆ ಇರುವ ಆತಂಕಕ್ಕೆ ಇಷ್ಟು ಹೇಳಬಹುದು: ಓಶ್ ಬಳಿಯ ಉಜ್ಬೆಕ್ ಗಡಿದ್ವಾರ 2017ರಲ್ಲಿ ಜನಸಂಚಾರಕ್ಕೆ ಮತ್ತೆ ತೆರೆಯಿತು, ತಜಿಕಿಸ್ತಾನದೊಂದಿಗಿನ ಗಡಿ ಒಪ್ಪಂದಕ್ಕೆ 2025ರ ಮಾರ್ಚ್‌ನಲ್ಲಿ ಸಹಿ ಬಿದ್ದಿತು.